ಮೊದಲು ಮಂಡಿ ಅಳೆಯಿರಿ, ಮರ ಆಮೇಲೆ

ಪ್ರಶ್ನೆ: ಊರು ತಿಪಟೂರು, ಈಗ ಇರುವುದು ಟೆಕ್ಸಸ್‌ನ ಪ್ಲೇನೋದಲ್ಲಿ. ಚಿಕ್ಕಂದಿನಲ್ಲಿ ಆರು ವರ್ಷ ವೀಣೆ ಕಲಿತಿದ್ದೆ. ಇಲ್ಲಿಗೆ ಬಂದ ಮೇಲೆ ಪೆಡಲ್ ಸ್ಟೀಲ್ ಗಿಟಾರ್ ಹುಚ್ಚು ಹತ್ತಿತು. ಎರಡು ವರ್ಷದಿಂದ 3 ಪೆಡಲ್, 1 ಲಿವರ್ ಇರುವ ಒಂದು ಹಳೇ ವಾದ್ಯದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಈಗ ಹೊಸದನ್ನು ಹೇಳಿ ಮಾಡಿಸೋಣ ಅಂತ ಈ ವಾದ್ಯ ತಯಾರಿಸುವ ಒಬ್ಬ ಬಿಲ್ಡರ್‌ಗೆ ಕೇಳಿದೆ. ಅವರು ಒಂದು ಫಾರಂ ಕಳಿಸಿದ್ದಾರೆ. ಮರ, ಬಣ್ಣ ಎಲ್ಲ ತುಂಬಿದ್ದೇನೆ, 'ಕೋಪೆಡೆಂಟ್' ಅನ್ನುವ ಜಾಗ ಮಾತ್ರ ಖಾಲಿ. ಏನು ಬರೆಯಲಿ? ಒಂದು ನೆಕ್ ಸಾಕಾ, ಎರಡು ಬೇಕಾ? ಇಷ್ಟು ದುಡ್ಡಿಗೆ ಒಂದು ಹಳೇ ಕಾರು ಬರುತ್ತೆ ಅಂತ ಮನೆಯವರು ದಿನಾ ಹೇಳುತ್ತಿದ್ದಾರೆ.

ಉತ್ತರ: ಮನೆಯವರ ಲೆಕ್ಕ ಸರಿಯಾಗೇ ಇದೆ, ಅವರ ಜೊತೆ ವಾದಕ್ಕೆ ಇಳಿಯಬೇಡಿ. ಆದರೆ ನೀವು ಫಾರಂ ತುಂಬಿದ ಕ್ರಮ ತಲೆಕೆಳಗಾಗಿದೆ. ಮರ, ಬಣ್ಣ ಕೊನೆಗೆ ತುಂಬುವಂಥದ್ದು. ಹೇಳಿ ಮಾಡಿಸುವುದರ ಪೂರ್ತಿ ಪ್ರಯೋಜನ ಇರುವುದೇ ಆ ಖಾಲಿ ಬಿಟ್ಟ ಜಾಗದಲ್ಲಿ.

ಈ ವಾದ್ಯ ನೋಡಿರದ ಓದುಗರಿಗಾಗಿ ಎರಡು ಮಾತು. ಹೊಲಿಗೆ ಮೆಷಿನ್ ಮುಂದೆ ಕೂತ ಹಾಗೆ ಕೂರಬೇಕು. ಮುಂದೆ ನಾಲ್ಕು ಕಾಲಿನ ಮೇಲೆ ಮಲಗಿಸಿದ ಉದ್ದನೆಯ ಪೆಟ್ಟಿಗೆ, ಅದರ ಮೇಲೆ 10 ತಂತಿಯ ಒಂದು ಸಾಲು, ಅದಕ್ಕೇ ನೆಕ್ ಅನ್ನುವುದು. ಎಡಗೈಯಲ್ಲಿ ಉಕ್ಕಿನ ಬಾರ್, ಬಲಗೈ ಬೆರಳಿಗೆ ಪಿಕ್. ಎಡಪಾದ ಪೆಡಲ್ ಮೇಲೆ, ಬಲಪಾದ ವಾಲ್ಯೂಮ್ ಪೆಡಲ್ ಮೇಲೆ. ಸಾಲದ್ದಕ್ಕೆ ಎರಡೂ ಮಂಡಿಗಳ ಅಕ್ಕಪಕ್ಕ ಲಿವರ್‌ಗಳು ತೂಗುತ್ತಿರುತ್ತವೆ. ಪೆಡಲ್ ತುಳಿದರೆ ಅಥವಾ ಮಂಡಿ ತಳ್ಳಿದರೆ ಕೆಲವು ತಂತಿಗಳ ಶ್ರುತಿ ಏರುತ್ತದೆ ಇಲ್ಲವೇ ಇಳಿಯುತ್ತದೆ, ಉಳಿದ ತಂತಿಗಳು ಇದ್ದಲ್ಲೇ ಇರುತ್ತವೆ. ಯಾವ ಪೆಡಲ್ ಯಾವ ತಂತಿಯನ್ನು ಎಲ್ಲಿಗೆ ಒಯ್ಯಬೇಕು ಅನ್ನುವ ಪಟ್ಟಿಗೇ ಕೋಪೆಡೆಂಟ್ ಅನ್ನುವುದು.

ನೀವು ವೀಣೆ ಕಲಿತವರು, ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ನ್ಯಾಶ್‌ವಿಲ್‌ನವರು ಬಳಸುವ ಇ-9 ಶ್ರುತಿಯಲ್ಲಿ 'ಇ' ಸ್ವರವನ್ನೇ ಷಡ್ಜ ಅಂದುಕೊಳ್ಳಿ. ಆಚೆ ಬದಿಯ 1ನೇ ತಂತಿಯಿಂದ ನಿಮ್ಮ ಹೊಟ್ಟೆಯ ಹತ್ತಿರದ 10ನೇ ತಂತಿವರೆಗೆ ಹೀಗೆ ಬರುತ್ತದೆ: ರಿ, ನಿ, ಗ, ಸ, ಪ, ಗ, ರಿ, ಸ, ನಿ, ಪ. 2ನೆಯದು ಕಾಕಲಿ ನಿಷಾದ, 9ನೆಯದು ಕೈಶಿಕಿ. ಸ್ವರಗಳು ಒಂದೇ ಕ್ರಮದಲ್ಲಿ ಇಳಿಯುವುದಿಲ್ಲ ಅಲ್ವಾ, ಮೊದಲ ಎರಡು ಹಿಂದಿನಿಂದ ಬಂದು ಸಾಲಲ್ಲಿ ನುಗ್ಗಿದ ಹಾಗಿವೆ. ಹೆಚ್ಚುಕಮ್ಮಿ ಆಗಿದ್ದೂ ಹಾಗೆಯೇ, ಆ ಎರಡನ್ನು ಹೆಸರಾಂತ ಪೆಡಲ್ ಸ್ಟೀಲ್ ವಾದಕ ಬಡ್ಡಿ ಎಮನ್ಸ್ ಆಮೇಲೆ ಸೇರಿಸಿದ್ದು.

ಎ ಪೆಡಲ್ ಪಂಚಮಗಳನ್ನು ಚತುಶ್ರುತಿ ಧೈವತಕ್ಕೆ ಏರಿಸುತ್ತದೆ. ಬಿ ಪೆಡಲ್ ಅಂತರ ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ. ಎರಡನ್ನೂ ಒಟ್ಟಿಗೆ ತುಳಿದರೆ ಸ-ಗ-ಪ ಇದ್ದದ್ದು ಸ-ಮ-ದ ಆಗುತ್ತದೆ. ಕಂಟ್ರಿ ಹಾಡುಗಳಲ್ಲಿ ಕೇಳುವ ಆ ಅಳುವ ಸದ್ದು ಬಹುಪಾಲು ಇದೇ. ಸಿ ಪೆಡಲ್ 4ನೇ ತಂತಿಯ ಷಡ್ಜವನ್ನು ರಿಷಭಕ್ಕೂ 5ನೆಯದರ ಪಂಚಮವನ್ನು ಧೈವತಕ್ಕೂ ಏರಿಸುತ್ತದೆ. ಈ ಮೂರನ್ನು ಮುಟ್ಟಲು ಹೋಗಬೇಡಿ. ಒಂದೇ ನಿರ್ಧಾರ ಇರುವುದು, ಎಡದಿಂದ ಎ-ಬಿ-ಸಿ ಇರಬೇಕಾ, ಸಿ-ಬಿ-ಎ ಇರಬೇಕಾ ಅಂತ. ಮೊದಲನೆಯದಕ್ಕೆ ಎಮನ್ಸ್ ಸೆಟಪ್ ಅಂತಾರೆ, ಎರಡನೆಯದಕ್ಕೆ ಇನ್ನೊಬ್ಬ ವಾದಕ ಜಿಮ್ಮಿ ಡೇ ಹೆಸರಿನಲ್ಲಿ ಡೇ ಸೆಟಪ್. ಈಗಿನ ವಾದ್ಯದಲ್ಲಿ ಪಾದಕ್ಕೆ ಯಾವುದು ರೂಢಿ ಆಗಿದೆಯೋ ಅದನ್ನೇ ಬರೆಯಿರಿ.

ಆಟ ಇರುವುದು ಲಿವರ್‌ಗಳಲ್ಲಿ. ಎರಡು ಕಡ್ಡಾಯ: ಷಡ್ಜವನ್ನು ಶುದ್ಧ ರಿಷಭಕ್ಕೆ ಏರಿಸುವುದು ಒಂದು, ಅದೇ ಷಡ್ಜವನ್ನು ಕಾಕಲಿ ನಿಷಾದಕ್ಕೆ ಇಳಿಸುವುದು ಇನ್ನೊಂದು. ಮೂರನೆಯದು 2ನೇ ಮತ್ತು 9ನೇ ತಂತಿಯ ನಿಷಾದಗಳನ್ನು ಇಳಿಸುವ ಬಲಮಂಡಿಯ ಲಿವರ್. ಇದರಲ್ಲಿ 2ನೇ ತಂತಿ ಎರಡು ಹಂತ ಇಳಿಯುತ್ತದೆ, ನಡುವೆ ಒಂದು ಕಡೆ ಮಂಡಿಗೆ 'ಇಲ್ಲಿ ನಿಲ್ಲು' ಅನ್ನುವ ಹಾಗೆ ಸಣ್ಣ ತಡೆ ಸಿಗಬೇಕು, ಅದನ್ನು ಹಾಫ್-ಸ್ಟಾಪ್ ಅಂತಾರೆ, ಫಾರಂನಲ್ಲಿ ಬಾಯಿಬಿಟ್ಟು ಕೇಳಿ. ನಾಲ್ಕನೆಯದು 1ನೇ ತಂತಿಯ ರಿಷಭವನ್ನು ಗಾಂಧಾರಕ್ಕೆ, 2ನೆಯದರ ನಿಷಾದವನ್ನು ಷಡ್ಜಕ್ಕೆ ಏರಿಸುವಂಥದ್ದು. ಐದನೆಯದಾಗಿ ಎಡಮಂಡಿಯನ್ನು ಮೇಲಕ್ಕೆತ್ತಿ ಒತ್ತುವ ವರ್ಟಿಕಲ್ ಲಿವರ್ ಹಾಕಿಸುತ್ತಾರೆ, ಪಂಚಮವನ್ನು ಪ್ರತಿ ಮಧ್ಯಮಕ್ಕೆ ಇಳಿಸಲು. ಪ್ರತಿ ಮಧ್ಯಮ ಅಂದ ಕೂಡಲೇ ಕಲ್ಯಾಣಿ ನೆನಪಾಗಿ ಬಾಯಲ್ಲಿ ನೀರು ಬಂದಿರಬೇಕು ನಿಮಗೆ. ಬೇಡ ಅನ್ನಲ್ಲ, ಆದರೆ 3 ಪೆಡಲ್ 4 ಲಿವರ್‌ನಲ್ಲಿ ಜೀವನಪೂರ್ತಿ ಕಳೆಯಬಹುದು. ಅದಕ್ಕೆ ಜಾಗ ಮಾತ್ರ ಬಿಟ್ಟಿರಲು ಹೇಳಿ, ಆಮೇಲೆ ಹಾಕಿಸಬಹುದು.

ಈಗ ಮಂಡಿ. ಇದು ನನ್ನ ಅನುಭವ, ಹೇಳಲು ಸ್ವಲ್ಪ ನಾಚಿಕೆಯೇ. ನನ್ನ ಎತ್ತರ 5 ಅಡಿ 4 ಅಂಗುಲ. ಮೊದಲ ವಾದ್ಯ ಮಾಡಿಸಿದಾಗ ವಾದ್ಯದ ಕಾಲಿನ ಉದ್ದ ಅನ್ನುವ ಕಡೆ ಸುಮ್ನೆ 'ಸ್ಟ್ಯಾಂಡರ್ಡ್' ಅಂತ ಬರೆದುಬಿಟ್ಟೆ. ಹತ್ತು ತಿಂಗಳು ಕಾದೆ. ಬಂತು. ಕೆಂಪು ಮರ, ಕನ್ನಡಿ ತರಹ ಮಿಂಚುತ್ತಿತ್ತು, ಹೆಂಡತಿ ಕೂಡ ಚೆನ್ನಾಗಿದೆ ಅಂದಳು. ಕೂತೆ. ಲಿವರ್‌ಗಳು ನನ್ನ ಮಂಡಿಗಿಂತ ಮೇಲೆ ತೂಗುತ್ತಿದ್ದವು, ತಳ್ಳಿದರೆ ತುದಿ ಮಾತ್ರ ಪ್ಯಾಂಟಿಗೆ ತಗುಲಿ ಜಾರುತ್ತಿತ್ತು. ಸ್ಟೂಲ್ ಎತ್ತರಿಸಿದೆ. ಮಂಡಿ ಸಿಕ್ಕಿತು, ಪಾದಕ್ಕೆ ಪೆಡಲ್ ತಪ್ಪಿತು. ಒಂದು ತಿಂಗಳು ಲಿವರ್‌ಗೆ ಹಳೇ ಟವೆಲ್ ಸುತ್ತಿ ದಪ್ಪ ಮಾಡಿಕೊಂಡು ನುಡಿಸಿದೆ, ಭುಜ ಎತ್ತಿ ಎತ್ತಿ ಕುತ್ತಿಗೆ ಹಿಡಿದುಕೊಂಡಿತು. ಕೊನೆಗೆ ಗಿಡ್ಡ ಕಾಲು, ಗಿಡ್ಡ ಪೆಡಲ್ ರಾಡ್ ಮತ್ತೆ ದುಡ್ಡು ಕೊಟ್ಟು ತರಿಸಿದೆ. ಬಿಲ್ಡರ್ ತಪ್ಪಿಲ್ಲ, ನಾನು ಬರೆದಿದ್ದನ್ನೇ ಅವರು ಮಾಡಿದ್ದು.

ಆದ್ದರಿಂದ ಹೀಗೆ ಮಾಡಿ. ನುಡಿಸುವಾಗ ಕೂರುವ ಸ್ಟೂಲ್ ಮೇಲೆ, ನುಡಿಸುವಾಗ ಹಾಕುವ ಶೂ ಹಾಕಿಕೊಂಡು ಕೂತುಕೊಳ್ಳಿ. ಬರಿಗಾಲಾದರೆ ಬರಿಗಾಲು, ಹಾಗಂತ ಬರೆಯಿರಿ. ನೆಲದಿಂದ ತೊಡೆಯ ಮೇಲ್ಭಾಗಕ್ಕೆ ಎಷ್ಟು ಅಂತ ಮನೆಯವರ ಕೈಯಲ್ಲೇ ಅಳೆಸಿ, ಅವರಿಗೂ ಈ ಕೆಲಸದಲ್ಲಿ ಒಂದು ಪಾಲು ಸಿಕ್ಕ ಹಾಗಾಗುತ್ತದೆ. ಎಡಪಾದ ಎ ಮತ್ತು ಬಿ ಎರಡರ ಮೇಲೂ ಇದ್ದಾಗ ಎಡಮಂಡಿ ಎಲ್ಲಿರುತ್ತದೆ, ಪಾದ ಹೊರಳಿಸಿ ಎ ಒಂದರ ಮೇಲೆ ಭಾರ ಬಿಟ್ಟಾಗ ಎಷ್ಟು ಸರಿಯುತ್ತದೆ, ಇದೆರಡನ್ನೂ ಮುಂದಿನಿಂದ ಫೋಟೋ ತೆಗೆದು ಕಳಿಸಿ. ಒಳ್ಳೆಯ ಬಿಲ್ಡರ್ ಆದರೆ ಇದನ್ನು ನೋಡಿ ಖುಷಿಪಡುತ್ತಾರೆ.

ಎರಡು ನೆಕ್ ವಿಷಯ. ಎರಡನೆಯ ನೆಕ್ ಸಿ-6 ಶ್ರುತಿಗೆ, ಅದು ಜಾಝ್ ಮತ್ತು ವೆಸ್ಟರ್ನ್ ಸ್ವಿಂಗ್ (ಕಂಟ್ರಿಗೆ ಜಾಝ್ ಬೆರೆತ ಕುಣಿತದ ಸಂಗೀತ) ದಾರಿ. ಆ ಸ್ವಿಂಗ್ ದೊರೆ ಬಾಬ್ ವಿಲ್ಸ್ ಅವರ ಟೆಕ್ಸಸ್‌ನಲ್ಲೇ ಇದ್ದೀರಿ, ಆಸೆ ಆಗುವುದು ಸಹಜ. ಆದರೂ ಈಗ ಬೇಡ. ತೂಕ ಜಾಸ್ತಿ, ದುಡ್ಡು ಜಾಸ್ತಿ, ಬಹಳ ಜನರ ಎರಡನೆಯ ನೆಕ್ ಮೊಣಕೈ ಊರಲಿಕ್ಕೇ ಬಳಕೆಯಾಗುವುದು. ಅದಕ್ಕಂತಲೇ ಒಂದು ನೆಕ್ ತೆಗೆದು ಅಲ್ಲಿ ಮೆತ್ತೆ ಹಾಕಿದ ಎಸ್‌ಡಿ-10 ಅನ್ನುವ ಮಾದರಿ ಬಂದಿರುವುದು. ಮರಕ್ಕೆ ಗಟ್ಟಿ ಮೇಪಲ್ ಅಂತ ಬರೆಯಿರಿ, ಮೇಲ್ಮೈಗೆ ಲ್ಯಾಕರ್ ಬದಲು ಮೈಕಾ. ನೋಡಲು ಅಡುಗೆಮನೆ ಕಟ್ಟೆ ಇದ್ದ ಹಾಗಿರುತ್ತದೆ, ಇರಲಿ ಬಿಡಿ, ಗೀರು ಬೀಳಲ್ಲ.

ದುಡ್ಡು ಕಳಿಸುವ ಮುಂಚೆ ಇನ್ನೊಂದು ಕೆಲಸ. ಟೆಕ್ಸಸ್ ಸ್ಟೀಲ್ ಗಿಟಾರ್ ಅಸೋಸಿಯೇಷನ್‌ನವರ ಜಾಂಬೊರಿ, ಅಂದರೆ ಸ್ಟೀಲ್ ಗಿಟಾರ್ ಮೇಳ, ನಿಮ್ಮ ಡಲ್ಲಾಸ್ ಕಡೆಯೇ ನಡೆಯುತ್ತದೆ. ಹೋಗಿ ನಾಲ್ಕೈದು ಬಿಲ್ಡರ್‌ಗಳ ವಾದ್ಯದ ಮುಂದೆ ಕೂತು ಬನ್ನಿ. ನುಡಿಸಲು ಸಂಕೋಚ ಆದರೆ ಬರೀ ಪೆಡಲ್ ತುಳಿದು, ಮಂಡಿ ತಳ್ಳಿ ನೋಡಿ.

ಪ್ರಶ್ನೆ: ನಮ್ಮ ಮಾವನವರದು ಪೀಣ್ಯದಲ್ಲಿ ಮೆಷಿನ್ ಶಾಪ್. ಲೇತ್, ಮಿಲ್ಲಿಂಗ್, ಸಿಎನ್‌ಸಿ ಎಲ್ಲ ಇದೆ. ಅಮೆರಿಕದಿಂದ ತರಿಸುವ ಬದಲು ಪೆಡಲ್ ಸ್ಟೀಲ್ ಅನ್ನು ಇಲ್ಲೇ ಮಾಡಿಸಬಹುದಾ? (ಬೆಂಗಳೂರಿನ ಓದುಗರು)

ಉತ್ತರ: ಮಾಡಿಸಬಹುದು, ಮಾವನವರ ಮೂಡ್ ಚೆನ್ನಾಗಿರುವಾಗ ಕೇಳಿ. ತಮಾಷೆ ಅಲ್ಲ, ಈ ವಾದ್ಯ ಹುಟ್ಟಿದ್ದೇ ಅಂಥ ಶಾಪ್‌ಗಳಲ್ಲಿ. ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಮೂಲತಃ ಮೋಟಾರ್‌ಸೈಕಲ್ ಕೆಲಸದ ಮನುಷ್ಯ. 1948ರಲ್ಲಿ ಸ್ಪೀಡಿ ವೆಸ್ಟ್ ಅನ್ನುವ ವಾದಕರಿಗೆ ಪೆಡಲ್ ಇರುವ ಸ್ಟೀಲ್ ಗಿಟಾರ್ ಮಾಡಿಕೊಟ್ಟರು. ಇದೇ ಬಿಗ್ಸ್‌ಬಿ ಮಾಡಿದ ವಾದ್ಯ ಇಟ್ಟುಕೊಂಡಿದ್ದ ಬಡ್ ಐಸಾಕ್ಸ್, ಕಂಟ್ರಿ ಗಾಯಕ ವೆಬ್ ಪಿಯರ್ಸ್ ಹಾಡಿದ 1954ರ ಒಂದು ಹಿಟ್ ಹಾಡಿನಲ್ಲಿ, ತಂತಿ ಮೊಳಗುತ್ತಿರುವಾಗಲೇ ಪೆಡಲ್ ತುಳಿದರು. ಸ್ವರ ಜಾರಿಕೊಂಡು ಮೇಲೆ ಹೋಯಿತು. ಆ ಸದ್ದು ಕೇಳಿದ ಉಳಿದ ಸ್ಟೀಲ್ ವಾದಕರು ತಮ್ಮ ವಾದ್ಯಕ್ಕೂ ಪೆಡಲ್ ಹಾಕಿಸಲು ಓಡಾಡಿದರು.

ಕಾಲು, ಪೆಡಲ್, ರಾಡ್, ಅಡ್ಡ ಶಾಫ್ಟ್, ಬೆಲ್‌ಕ್ರ್ಯಾಂಕ್, ಇದೆಲ್ಲ ನಿಮ್ಮ ಮಾವನವರಿಗೆ ಎಡಗೈ ಕೆಲಸ. ಕಷ್ಟ ಇರುವುದು ಚೇಂಜರ್‌ನಲ್ಲಿ. ಪ್ರತಿ ತಂತಿಯ ಬಲತುದಿ, ಹೆಬ್ಬೆರಳ ಉಗುರಿನ ಹಾಗೆ ಬಾಗಿದ ಒಂದು ಅಲ್ಯೂಮಿನಿಯಂ ಫಿಂಗರ್ ಮೇಲೆ ಹಾದು ಕೆಳಗೆ ಸಿಕ್ಕಿಕೊಳ್ಳುತ್ತದೆ. ಫಿಂಗರ್ ಒಂದು ಕಡೆ ತಿರುಗಿದರೆ ಶ್ರುತಿ ಏರಬೇಕು, ಇನ್ನೊಂದು ಕಡೆ ತಿರುಗಿದರೆ ಇಳಿಯಬೇಕು. ಇಂಥ 10 ಫಿಂಗರ್ ಒಂದಕ್ಕೊಂದು ಉಜ್ಜದೆ, ತಂತಿ-ತಂತಿ ನಡುವಿನ 9 ಮಿಲಿಮೀಟರಿಗೂ ಕಮ್ಮಿ ಜಾಗದಲ್ಲಿ ಕೂರಬೇಕು. ಏರುವುದು ದೊಡ್ಡದಲ್ಲ, ಪೆಡಲ್ ಬಿಟ್ಟಾಗ ಪ್ರತಿ ಸಲ ಅದೇ ಜಾಗಕ್ಕೆ ವಾಪಸ್ ಬರಬೇಕು. ಕೂದಲೆಳೆ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಅದಕ್ಕೇ ನನ್ನ ಸಲಹೆ, ಚೇಂಜರ್ ಒಂದನ್ನು ಸಿದ್ಧವಾಗಿರುವುದೇ ತರಿಸಿ, ಮಿಕ್ಕಿದ್ದು ಪೀಣ್ಯದಲ್ಲಿ ಆಗಲಿ.

ಆದ ಮೇಲೆ ಒಂದು ಪರೀಕ್ಷೆ. 4ನೇ ತಂತಿಗೆ ಟ್ಯೂನರ್ ಹಚ್ಚಿ ಮೀಟಿ, ಹಾಗೇ ಎ ಮತ್ತು ಬಿ ಪೆಡಲ್ ಒಟ್ಟಿಗೆ ತುಳಿಯಿರಿ. ಆ ಪೆಡಲ್‌ಗಳಿಗೂ 4ನೇ ತಂತಿಗೂ ಸಂಬಂಧವೇ ಇಲ್ಲ, ಆದರೂ ಮುಳ್ಳು ಸ್ವಲ್ಪ ಕೆಳಗೆ ಬೀಳುತ್ತದೆ. ಎಳೆತಕ್ಕೆ ಪೆಟ್ಟಿಗೆಯೇ ಬಾಗುವುದರಿಂದ ಹೀಗಾಗುವುದು, ಕ್ಯಾಬಿನೆಟ್ ಡ್ರಾಪ್ ಅಂತಾರೆ. ಕಣ್ಣಿಗೆ ಕಂಡೂ ಕಾಣದಷ್ಟು ಇದ್ದರೆ ಸರಿ. ಕಿವಿಗೇ ಕೇಳಿಸಿದರೆ ಪೆಟ್ಟಿಗೆ ಬಿಚ್ಚಿ ಮತ್ತೆ ಗಟ್ಟಿ ಮಾಡಬೇಕು.

ಪ್ರಶ್ನೆ: ಇದು ಬರೀ ಕಂಟ್ರಿ ಮ್ಯೂಸಿಕ್ ವಾದ್ಯ ಅಲ್ವಾ? ಬೇರೆ ಏನಾದರೂ ನುಡಿಸಿದರೆ ನಗುತ್ತಾರಾ? (ಧಾರವಾಡ)

ಉತ್ತರ: ನಗುವವರು ನಗಲಿ. ಅಮೆರಿಕದ ಹೌಸ್ ಆಫ್ ಗಾಡ್ ಚರ್ಚ್‌ಗಳಲ್ಲಿ ಕಪ್ಪು ಸಮುದಾಯದವರು ಭಜನೆಗೆ ಇದನ್ನೇ ನುಡಿಸುತ್ತಾರೆ, ಸೇಕ್ರೆಡ್ ಸ್ಟೀಲ್ ಅಂತ ಹೆಸರು. ಅಲ್ಲಿಂದ ಬಂದ ರಾಬರ್ಟ್ ರ್‍ಯಾಂಡಾಲ್ಫ್ ಅವರ ವಾದ್ಯಕ್ಕೆ 13 ತಂತಿ. ನೈಜೀರಿಯಾದ ಕಿಂಗ್ ಸನ್ನಿ ಅಡೆ ತಮ್ಮ ಜುಜು ಸಂಗೀತಕ್ಕೆ ಪೆಡಲ್ ಸ್ಟೀಲ್ ಸೇರಿಸಿಕೊಂಡರು. ತಂತಿಯ ಮೇಲೆ ಜಾರಿಸಿ ನುಡಿಸುವುದು ಗೋಟುವಾದ್ಯ ಕೇಳಿದ ನಮಗೆ ಹೊಸತೇನೂ ಅಲ್ಲ. ಗಮಕಕ್ಕೆ ಬಾರ್ ಒಂದೇ ಸಾಕು, ಪೆಡಲ್ ಬೇಕಿಲ್ಲ ಅನ್ನುವ ವಾದವೂ ಇದೆ, ನಾನು ಅರ್ಧ ಒಪ್ಪುತ್ತೇನೆ.

ಪ್ರಶ್ನೆ: ಮಗಳು ಅಮೆರಿಕದಿಂದ ಬರುವಾಗ ಒಂದು ಪೆಡಲ್ ಸ್ಟೀಲ್ ತರುತ್ತೇನೆ ಅಂದಿದ್ದಾಳೆ. ನಮ್ಮ ಕರೆಂಟಿಗೆ ಹೊಂದುತ್ತದೆಯೇ? ಏನು ಎಚ್ಚರ ವಹಿಸಬೇಕು? (ಮಂಗಳೂರಿನ ಹವಾಯಿಯನ್ ಗಿಟಾರ್ ವಾದಕರು)

ಉತ್ತರ: ವಾದ್ಯಕ್ಕೆ ಕರೆಂಟೇ ಬೇಡ ಸರ್, ಸಾಮಾನ್ಯವಾಗಿ ಒಳಗಿರುವುದು ಬರೀ ಅಯಸ್ಕಾಂತದ ಪಿಕಪ್. ಆಂಪ್ಲಿಫೈಯರ್ ಮಾತ್ರ ಅಲ್ಲಿಂದ ತರಿಸಬೇಡಿ, ಅಲ್ಲಿಯದು 120 ವೋಲ್ಟ್‌ನದ್ದು, ಇಲ್ಲೇ ಕೊಳ್ಳಿ. ತೂಕ ನೋಡಿಕೊಳ್ಳಲು ಹೇಳಿ. ಎರಡು ನೆಕ್‌ನದ್ದು ಕೇಸ್ ಸಮೇತ 30 ಕೆ.ಜಿ. ಆಚೀಚೆ ಇರುತ್ತದೆ, ವಿಮಾನದಲ್ಲಿ ಒಂದು ಬ್ಯಾಗಿಗೆ ಸಾಮಾನ್ಯವಾಗಿ ಬಿಡುವುದು 23 ಕೆ.ಜಿ. ಒಂದು ನೆಕ್‌ನದ್ದೇ ಸಾಕು. ಕಾಲು, ಪೆಡಲ್ ಪಟ್ಟಿ ಬಿಚ್ಚಿ ಇನ್ನೊಂದು ಬ್ಯಾಗಿಗೆ ಹಾಕಿದರೆ ಇನ್ನೂ ಹಗುರ. ಬಿಲ್ ಜೊತೆಗಿರಲಿ, ಕಸ್ಟಮ್ಸ್‌ನವರು ಕೇಳುತ್ತಾರೆ. ಬಿಚ್ಚುವ ಮುಂಚೆ ಯಾವ ರಾಡ್ ಯಾವ ಪೆಡಲ್‌ನದು ಅಂತ ಟೇಪ್ ಅಂಟಿಸಿ ಬರೆಯಲಿ, ಇಲ್ಲಿ ಅದನ್ನು ಹೇಳಿಕೊಡುವವರು ನಿಮಗೆ ಸಿಗುವುದು ಕಷ್ಟ.

ಮಂಗಳೂರಿನ ಮಳೆಗಾಲಕ್ಕೆ ಕೆಳಗಿನ ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತವೆ. ಜೂನ್ ಬರುವ ಮುಂಚೆ ತಲೆಕೆಳಗು ಮಾಡಿ ಹೊಲಿಗೆ ಮೆಷಿನ್ ಎಣ್ಣೆ ಬಟ್ಟೆಗೆ ಹಚ್ಚಿ ಒರೆಸಿ, ಸುರಿಯಬೇಡಿ. ಮತ್ತೆ, 10 ತಂತಿಗಳ ಸೆಟ್ ಜೊತೆಗೆ 3ನೇ ತಂತಿಯದೇ, ಅಂದರೆ 011 (0.011 ಅಂಗುಲ) ಗಾತ್ರದ್ದು, ಬಿಡಿಯಾಗಿ ಎರಡು ಡಜನ್ ತರಲು ಹೇಳಿ. ಬಿ ಪೆಡಲ್ ಎಳೆಯುವುದು ಅದನ್ನೇ, ಅತಿ ತೆಳ್ಳಗಿರುವುದೂ ಅದೇ, ಹಾಗಾಗಿ ಟಪ್ ಅಂತ ಹೋಗುವುದೂ ಬಹುತೇಕ ಅದೇ. ಸಾಮಾನ್ಯವಾಗಿ ರಾತ್ರಿ ಒಂಬತ್ತರ ಮೇಲೆ, ಅಂಗಡಿ ಮುಚ್ಚಿದ ಮೇಲೆ.