ನೆಸ್ಮಕ್ ಮಾದರಿಯ ಸಣ್ಣ ಚಾಕುವನ್ನು ನಮ್ಮ ಕಡೆ ಕಂಬಾರರಿಂದ ಮಾಡಿಸಬಹುದಾ?

ನಾಲ್ಕು ಇಂಚು ಅಲಗು, 5 ಮಿ.ಮೀ. ದಪ್ಪ, ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಒಯ್ಯಲು ಎಂದು ಬರೆದಿದ್ದೀರಿ. ಮಾಡಿಸಬಹುದು. ನನ್ನದು ಧಾರವಾಡದ ಹತ್ತಿರದ ಹಳ್ಳಿಯ ಕುಲುಮೆಯಲ್ಲಿ, ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಆದದ್ದು. ಆದರೆ 5 ಮಿ.ಮೀ. ದಪ್ಪ ಖಂಡಿತ ಬೇಡ.

ನಾನೂ ಮೊದಲು ಅಷ್ಟೇ ದಪ್ಪ ಮಾಡಿಸಿದ್ದೆ. ಉಳ್ಳಾಗಡ್ಡಿ ಹೆಚ್ಚಲು ಹೋದರೆ ಹೋಳಾಗುತ್ತಿರಲಿಲ್ಲ, ಸಿಡಿದು ಎರಡಾಗುತ್ತಿತ್ತು. ನೆಸ್ಮಕ್ ಅನ್ನುವುದು ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬ ಅಮೆರಿಕದ ಬರಹಗಾರರ ಇನ್ನೊಂದು ಹೆಸರು. ಕಾಡಿನ ಓಡಾಟದ ಬಗ್ಗೆ ಅವರ ಪುಸ್ತಕ 1884ರಲ್ಲಿ ಬಂತು. ಅವರ ಹತ್ತಿರ ಎರಡು ಬಾಯಿಯ ಪುಟ್ಟ ಕೊಡಲಿ, ಮಡಚುವ ಚಾಕು, ಜೊತೆಗೆ ಈ ಚಾಕು, ಮೂರೂ ಇರುತ್ತಿದ್ದವು. ಕಟ್ಟಿಗೆ ಸೀಳುವುದು ಕೊಡಲಿಯ ಕೆಲಸ. ಹಾಗಾಗಿಯೇ ಚಾಕು ತೆಳ್ಳಗಿತ್ತು. ಈಗ ಮಾರಾಟಕ್ಕಿರುವ ಎಷ್ಟೋ ನೆಸ್ಮಕ್‌ಗಳಲ್ಲಿ ಈ ಚಾಕುವಿನ ಗುರುತಾದ ಬೆನ್ನಿನ ಗೂನು ಮಾತ್ರ ಉಳಿದಿದೆ, ತೆಳುತನ ಹೋಗಿದೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

ಎರಡನೇ ಸಲ ಕಂಬಾರ ಕಾಕಾಗೆ "ಕಾಕಾ, ಉಳ್ಳಾಗಡ್ಡಿ ಹೆಚ್ಚೂವಷ್ಟು ತೆಳ್ಳಗ ಆಗ್ಬೇಕ್ರಿ" ಅಂದೆ. ಬೆನ್ನು 3 ಮಿ.ಮೀ.ಗೆ ಬಂತು. ಅಷ್ಟು ಸಾಕು. ಸೀತನಿಗೆ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನಲು, ಹೊಲಕ್ಕೆ ಹೋದಾಗ ಕುಳ್ಳಿಗೆ ಬೆಂಕಿ ಹಚ್ಚಲು ಒಣ ಕಡ್ಡಿ ಹೆರೆಯುತ್ತೇನೆ, ಚಕ್ಕೆ ಸುರುಳಿ ಸುರುಳಿಯಾಗಿ ಏಳುತ್ತದೆ.

ಮಾಡಿಸುವಾಗ ಹದ ಹಾಕುವ ಹೊತ್ತಿಗೆ ನೀವು ಅಲ್ಲೇ ಇರಿ. ಕಾಕಾ ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಈ ಉಕ್ಕನ್ನು ನೀರಲ್ಲಿ ಅದ್ದಿದರೆ ಬಿರುಕು ಬಿಡುವ ಭಯ. ಎಣ್ಣೆಯಿಂದ ತೆಗೆದಾಗ ಅದು ಗಾಜಿನ ಹಾಗೆ, ಗಡಸು ಆದರೆ ಮುರಿಯುವಂಥದ್ದು. ಒಂದು ಮೈ ತಿಕ್ಕಿ ಹೊಳಪು ಮಾಡಿ, ಕಾದ ಕಬ್ಬಿಣದ ಮೇಲೆ ಬೆನ್ನು ತಾಗಿಸಿ ಹಿಡಿದರು. ಮೊದಲು ಬೆನ್ನಲ್ಲಿ ಒಣ ಹುಲ್ಲಿನ ಹಳದಿ ಮೂಡಿತು. ಅದು ಮೆಲ್ಲಗೆ ಬಾಯಿಯ ಕಡೆ ಸರಿಯಿತು, ಹಿಂದೆ ಕಂದು, ನೇರಳೆ, ನೀಲಿ ಸಾಲಾಗಿ ಬಂದವು. ಹಳದಿ ಬಾಯಿಗೆ ಮುಟ್ಟಿದ್ದೇ ತಡ, ಎತ್ತಿ ನೀರಿಗೆ ಹಾಕಿದರು. ಬಾಯಿ ಗಡಸಾಗಿ ಉಳಿಯಿತು, ಬೆನ್ನು ಬಾಗುವಂತಾಯಿತು. ಇದನ್ನು ಬಿಟ್ಟು ಅವಸರ ಮಾಡಿದ ಚಾಕು ಕಟ್ಟಿಗೆಯ ಮೊದಲ ಗಂಟಿಗೇ ಬಾಯಿ ಮುರಿದುಕೊಳ್ಳುತ್ತದೆ.

ಹಿಡಿಕೆಗೆ ಜಾಲಿ ಕಟ್ಟಿಗೆ ಹಾಕಿಸಿ. ಒರೆಯನ್ನು ಚಪ್ಪಲಿ ಹೊಲಿಯುವವರೇ ಚೆನ್ನಾಗಿ ಹೊಲಿದುಕೊಡುತ್ತಾರೆ.

ಕಪ್ಪತಗುಡ್ಡಕ್ಕೆ ಮಾತ್ರ ದಯವಿಟ್ಟು ಒಯ್ಯಬೇಡಿ. 2019ರಿಂದ ಅದು ವನ್ಯಜೀವಿಧಾಮ. 1972ರ ವನ್ಯಜೀವಿ ಕಾಯ್ದೆಯ 31ನೇ ಕಲಂ ಪ್ರಕಾರ ಮುಂಚೆಯೇ ಲಿಖಿತ ಅನುಮತಿ ಪಡೆಯದೆ ಅಲ್ಲಿಗೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆಯಲ್ಲಿ ಆಯುಧ ಅಂದರೆ ಚಾಕುವೂ ಸೇರಿದೆ. ಹೊಲಕ್ಕೆ, ತೋಟಕ್ಕೆ ಇಟ್ಟುಕೊಳ್ಳಿ.

ಇನ್ನೊಂದು, ಇದು ತುಕ್ಕು ಹಿಡಿಯುವ ಉಕ್ಕು. ಲಿಂಬಿಹಣ್ಣು ಕೊಯ್ದರೆ ತಕ್ಷಣ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಒದ್ದೆ ಚಾಕುವನ್ನು ಒರೆಯಲ್ಲಿ ಹಾಕಿಡಬೇಡಿ, ಚರ್ಮ ನೀರು ಹಿಡಿದುಕೊಳ್ಳುತ್ತದೆ.