ಬಾಯ್ಲರ್ ಪ್ರೆಷರ್ ಇಳೀತಿದೆ, ನೀರು ಎಲ್ಲಿ ಹೋಗ್ತಿದೆ?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬಾಡಿಗೆ ಮನೇಲಿದೀವಿ. ಅಡುಗೆಮನೆ ಕಾಂಬಿ ಬಾಯ್ಲರ್‌ನ (ಮನೆ ಹೀಟಿಂಗ್‌ಗೂ ನಲ್ಲಿ ಬಿಸಿನೀರಿಗೂ ಒಂದೇ ಬಾಯ್ಲರ್) ಪ್ರೆಷರ್ ಮುಳ್ಳು ಅರ್ಧ ಬಾರ್‌ಗೆ (ಬಾರ್ ಅಂದ್ರೆ ಒತ್ತಡ ಅಳೆಯೋ ಮಾನ) ಇಳಿದು ಹೀಟಿಂಗ್ ನಿಂತೋಗುತ್ತೆ, ನೀರು ತುಂಬಿಸಿದ್ರೆ ಸರಿಹೋಗುತ್ತೆ, ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಬಚ್ಚಲ ನಲ್ಲೀನೂ ತೊಟ್ಟಿಕ್ತಾ ಇದೆ. ಅದರಿಂದಲೇ ಹೀಗಾಗ್ತಿದ್ಯಾ?

ಉತ್ತರ: ಇಲ್ಲ, ನಲ್ಲಿಗೂ ಇದಕ್ಕೂ ಸಂಬಂಧ ಇಲ್ಲ. ರೂಮ್ ಬೆಚ್ಚಗಿಡೋ ರೇಡಿಯೇಟರ್‌ಗಳಲ್ಲಿ ಓಡಾಡೋ ನೀರೇ ಬೇರೆ, ನಲ್ಲೀಲಿ ಬರೋ ನೀರೇ ಬೇರೆ. ರೇಡಿಯೇಟರ್ ನೀರು ಮುಚ್ಚಿದ ಪೈಪಲ್ಲಿ ಸುತ್ತು ಹೊಡೀತಾ ವರ್ಷಗಟ್ಟಲೆ ಅದೇ ಇರುತ್ತೆ, ಹಾಗಾಗಿ ಮುಳ್ಳು ಪದೇ ಪದೇ ಇಳೀತಿದೆ ಅಂದ್ರೆ ಆ ಸುತ್ತಿಂದ ನೀರು ಎಲ್ಲೋ ಹೊರಗೆ ಹೋಗ್ತಿದೆ ಅಂತಲೇ ಅರ್ಥ. ದಯವಿಟ್ಟು ಸುಮ್ನೆ ತುಂಬಿಸ್ತಾ ಕೂರಬೇಡಿ. ಪ್ರತಿ ಸಲ ಹೊಸ ನೀರಿನ ಜೊತೆ ಹೊಸ ಆಕ್ಸಿಜನ್ ಒಳಗೆ ಹೋಗುತ್ತೆ, ರೇಡಿಯೇಟರ್ ಒಳಗಿಂದ ತುಕ್ಕು ಹಿಡಿಯುತ್ತೆ, ಕಪ್ಪು ಕೆಸರು ಕೂತ್ಕೊಳುತ್ತೆ.

ಸಾಮಾನ್ಯವಾಗಿ ತಣ್ಣಗಿದ್ದಾಗ ಮುಳ್ಳು 1ರಿಂದ 1.5 ಬಾರ್ ಒಳಗಿರಬೇಕು, ಬಿಸಿಯಾದಾಗ 2ರ ಹತ್ರ ಹೋದ್ರೆ ಗಾಬರಿ ಬೇಡ. 3 ಆದ್ರೆ ಸೇಫ್ಟಿ ವಾಲ್ವ್ ತೆರ್ಕೊಂಡು ನೀರನ್ನ ಹೊರಗೆ ಚೆಲ್ಲುತ್ತೆ. ಇತ್ತೀಚೆಗೆ ನೀವೇನಾದ್ರೂ ರೇಡಿಯೇಟರ್ ಒಳಗೆ ಸೇರ್ಕೊಂಡ ಗಾಳಿ ಹೊರಗೆ ಬಿಟ್ಟಿದ್ರೆ ಒಂದು ಸಲ ಇಳಿಯೋದು ಸಹಜ, ಆದ್ರೆ ಹತ್ತತ್ತು ದಿನಕ್ಕೆ ಇಳಿಯೋದು ಸಹಜ ಅಲ್ಲ.

ಮೊದಲು ಒಂದು ಟಿಶ್ಯೂ ಪೇಪರ್ ತಗೊಂಡು ಪ್ರತಿ ರೇಡಿಯೇಟರ್‌ನ ಎರಡೂ ಕಡೆ ವಾಲ್ವ್‌ಗಳ ನಟ್ ಸುತ್ತ ಒತ್ತಿ ನೋಡಿ. ಅಲ್ಲೇ ಇರೋ ನನ್ನ ತಂಗಿ ಮನೇಲಿ ಸೋಫಾ ಹಿಂದಿನ ರೇಡಿಯೇಟರ್‌ನಲ್ಲಿ ನೆಲದ ಮೇಲೆ ಒಂದು ಹನಿ ಕೂಡ ಕಾಣಿಸ್ತಿರಲಿಲ್ಲ, ಆದ್ರೆ ನಟ್ ಸುತ್ತ ಹಿತ್ತಾಳೆ ಪಾತ್ರೆಗೆ ಬರುತ್ತಲ್ಲ ಆ ಥರ ಹಸಿರು ಕಿಲುಬು ಕಟ್ಟಿತ್ತು, ಟಿಶ್ಯೂ ಒತ್ತಿದ್ರೆ ಒದ್ದೆ. ಬಿಸಿ ಪೈಪಲ್ವಾ, ಸೋರಿದ್ದು ಸೋರಿದ ಹಾಗೇ ಆರಿಹೋಗ್ತಿತ್ತು.

ಅಲ್ಲಿ ಎಲ್ಲಾ ಒಣಗಿದ್ರೆ ಮನೆ ಹೊರಗೆ ಹೋಗಿ, ಬಾಯ್ಲರ್ ಇರೋ ಗೋಡೆಯಿಂದ ಆ ಸೇಫ್ಟಿ ವಾಲ್ವ್‌ನ ಒಂದು ಸಣ್ಣ ತಾಮ್ರದ ಪೈಪ್ ಆಚೆ ಬಂದಿರುತ್ತೆ, ಅದರ ಬಾಯಿಗೆ ರಾತ್ರಿ ಒಂದು ಪ್ಲಾಸ್ಟಿಕ್ ಕವರ್ ಸಡಿಲವಾಗಿ ಕಟ್ಟಿ, ಬೆಳಗ್ಗೆ ನೋಡಿ ಮರೀದೆ ಬಿಚ್ಚಿಬಿಡಿ. ಕವರಲ್ಲಿ ನೀರಿದ್ದು, ಹೀಟಿಂಗ್ ಓಡುವಾಗ ಮುಳ್ಳು 3ರ ಕಡೆ ಏರ್ತಿದ್ರೆ ಹೆಚ್ಚಾಗಿ ಎಕ್ಸ್‌ಪ್ಯಾನ್ಷನ್ ವೆಸಲ್‌ನಲ್ಲಿ, ಅಂದ್ರೆ ಕಾದ ನೀರು ಉಬ್ಬೋಕೆ ಜಾಗ ಕೊಡೋ ಗಾಳಿ ತುಂಬಿದ ಡಬ್ಬಿಯಲ್ಲಿ, ಗಾಳಿ ಹೋಗಿದೆ ಅಂತ. ನೀರು ಕಾದಾಗ ಉಬ್ಬುತ್ತೆ, ಉಬ್ಬೋಕೆ ಜಾಗ ಇಲ್ದೆ ಹೊರಗೆ ಬೀಳುತ್ತೆ, ತಣ್ಣಗಾದ ಮೇಲೆ ಅಷ್ಟು ಕಮ್ಮಿ. ಇದು ನಿಮ್ಮ ಕೈಯಲ್ಲಿ ಆಗೋ ಕೆಲಸ ಅಲ್ಲ, ಬಾಯ್ಲರ್ ಮುಚ್ಚಳ ಬಿಚ್ಚಲೇಬೇಡಿ, ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿರೋ (ಗ್ಯಾಸ್ ಕೆಲಸಕ್ಕೆ ಅಧಿಕೃತವಾಗಿ ನೋಂದಾಯಿಸಿಕೊಂಡವರ ಪಟ್ಟಿ ಅದು) ಎಂಜಿನಿಯರ್‌ನೇ ಕರೆಸಿ, ಬಂದವರ ಕಾರ್ಡ್ ಕೇಳಿ ನೋಡಿ.

ಬಾಡಿಗೆ ಮನೆ ಅಂದ್ರಲ್ಲ, ಹಾಗಾದ್ರೆ ಖರ್ಚಿನ ಚಿಂತೆ ನಿಮಗ್ಯಾಕೆ? 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 11ನೇ ಸೆಕ್ಷನ್ ಪ್ರಕಾರ ಹೀಟಿಂಗ್, ಬಿಸಿನೀರಿನ ವ್ಯವಸ್ಥೆ ರಿಪೇರಿ ಮಾಡಿಸೋದು ಮನೆ ಓನರ್ ಜವಾಬ್ದಾರಿ. ನಮ್ಮವರು ಓನರ್ ಹತ್ರ ಕೇಳೋಕೆ ತುಂಬಾ ಸಂಕೋಚ ಪಡ್ತಾರೆ, ಚಿಕ್ಕ ಮಗು ಇರೋ ಮನೇಲೂ ಸ್ವೆಟರ್ ಹಾಕ್ಕೊಂಡು ದಿನ ತಳ್ತಾರೆ, ಅದು ನನಗೆ ನಿಜಕ್ಕೂ ಬೇಜಾರು. ಮುಳ್ಳಿನ ಫೋಟೋ ತಾರೀಕಿನ ಸಮೇತ ಇಮೇಲ್ ಮಾಡಿ.

ನಲ್ಲಿ ವಿಷಯ ಕೆಳಗಿನ ಉತ್ತರದಲ್ಲಿದೆ, ನಿಮ್ಮ ಕಡೆ ನೀರೂ ಗಡಸೇ, ಹಾಗಾಗಿ ಅದು ನಿಮಗೂ ಅನ್ವಯ.

ಪ್ರಶ್ನೆ: ಮೈಸೂರಲ್ಲಿ ನಮ್ಮನೆ ಬಚ್ಚಲ ನಲ್ಲಿಗೆ ಎರಡು ಸಲ ವಾಷರ್ ಬದಲಾಯಿಸಿದ್ವಿ, ಆದ್ರೂ ತೊಟ್ಟಿಕ್ಕುತ್ತೆ. ಹೊಸ ನಲ್ಲಿನೇ ಹಾಕಿಸಬೇಕಾ?

ಉತ್ತರ: ಈಗಲೇ ಬೇಡ. ಟ್ಯಾಂಕ್ ವಾಲ್ವ್ ಬಂದ್ ಮಾಡಿ ನಲ್ಲಿ ತಲೆ ಬಿಚ್ಚಿ ಒಳಗೆ ಟಾರ್ಚ್ ಬಿಡಿ, ವಾಷರ್ ಬಂದು ಕೂರೋ ಹಿತ್ತಾಳೆ ಅಂಚು ಕಾಣುತ್ತೆ, ಅದಕ್ಕೆ ಬೆರಳು ತಾಗಿಸಿ. ಬೋರ್‌ವೆಲ್ ನೀರಾದ್ರೆ ಬಿಳಿ ಪೊರೆ ಗಟ್ಟಿ ಕಟ್ಟಿ ತರಿತರಿ ಅನ್ನುತ್ತೆ, ಅದರ ಮೇಲೆ ಎಷ್ಟು ಹೊಸ ವಾಷರ್ ಹಾಕಿದ್ರೂ ನೀರು ಸಂದಿಯಲ್ಲಿ ಬರುತ್ತೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ತುರುಕಿಟ್ಟು ಉಜ್ಜಿ. ಪೊರೆ ಹೋಗಿ ಅಂಚಲ್ಲಿ ಗೀರು ಬಿದ್ದಿರೋದು ಕಂಡ್ರೆ ಪ್ಲಂಬರ್ ಹತ್ರ ಅದನ್ನ ಸವರಿ ನುಣ್ಣಗೆ ಮಾಡೋ ಸೀಟ್ ಕಟರ್ ಇದ್ಯಾ ಕೇಳಿ, ಇಲ್ಲದಿದ್ರೆ ಆಗ ಹೊಸ ನಲ್ಲಿ.

ಕಾಲು ಸುತ್ತಿಗೇ ಆನ್ ಆಫ್ ಆಗೋ ನಲ್ಲಿಯಾದ್ರೆ ಅದಕ್ಕೆ ಆ ಥರ ವಾಷರ್ರೇ ಇರಲ್ಲ, ಒಳಗೆ ಸಾಮಾನ್ಯವಾಗಿ ಸೆರಾಮಿಕ್ ಬಿಲ್ಲೆ ಇರೋ ಕಾರ್ಟ್ರಿಜ್ ಇರುತ್ತೆ, ಹಳೇದನ್ನೇ ಅಂಗಡಿಗೆ ತಗೊಂಡೋಗಿ ಹಲ್ಲು, ಉದ್ದ ಹೋಲಿಸಿ ತನ್ನಿ. ಜೋರಾಗಿ ತಿರುಚಿ ಬಂದ್ ಮಾಡೋದು ಮಾತ್ರ ಬಿಡಿ, ವಾಷರ್ ಹರಿಯೋದೇ ಅದರಿಂದ.

ಅಲ್ಲಿವರೆಗೂ ಕೆಳಗೆ ಒಂದು ಲೀಟರ್ ಮಗ್ ಇಡಿ. ಗಂಟೆಗೊಂದು ಮಗ್ ತುಂಬ್ತಿದ್ರೆ ತಿಂಗಳಿಗೆ 720 ಲೀಟರ್, ಆ ನೀರು ಗಿಡಕ್ಕಾದ್ರೂ ಆಗಲಿ.