ಬೈಕುಲಾದಲ್ಲಿ ಒಂದು ಲೋಕಲ್ ಬಿಟ್ಟುಬಿಡಿ

ಪ್ರಶ್ನೆ: ನಾನು ಡೊಂಬಿವ್ಲಿಯಿಂದ ದಿನಾ ಮುಂಬೈನ ಸಿ.ಎಸ್.ಎಂ.ಟಿ.ಗೆ (ಹಳೇ ಹೆಸರು ವಿಕ್ಟೋರಿಯಾ ಟರ್ಮಿನಸ್, ಅಂದರೆ ವಿ.ಟಿ.) ಫಾಸ್ಟ್ ಲೋಕಲ್‌ನಲ್ಲಿ ಹೋಗುವವನು. ದಾರಿಯಲ್ಲಿ ಸಿಗುವ ಬೈಕುಲಾ ಸ್ಟೇಷನ್ ವಿ.ಟಿ.ಗಿಂತ ಹಳೆಯದು ಅಂತ ಜೊತೆಗಾರರೊಬ್ಬರ ವಾದ. ನೋಡಿದರೆ ಹಾಗೆ ಅನ್ನಿಸೋದೇ ಇಲ್ಲ. ನಿಜವಾ?

ಉತ್ತರ: ನಿಜ. ವಾದದಲ್ಲಿ ಸೋತಿರಿ, ಅವರಿಗೊಂದು ಚಹಾ ಕೊಡಿಸಿ. ವಿ.ಟಿ. ಕಟ್ಟಡದ ಕೆಲಸ ಶುರುವಾಗಿದ್ದು 1878ರಲ್ಲಿ, ಮುಗಿದಿದ್ದು 1888ರಲ್ಲಿ. ಬೈಕುಲಾದ ಈಗಿನ ಕಲ್ಲಿನ ಕಟ್ಟಡ 1857ರದ್ದು. 1853ರ ಏಪ್ರಿಲ್ 16ರಂದು, ಈಗ ವಿ.ಟಿ. ಇರುವ ಕಡೆಯ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ಯಾಸೆಂಜರ್ ರೈಲು 3 ಎಂಜಿನ್, 14 ಡಬ್ಬಿ ಕಟ್ಟಿಕೊಂಡು ಹೊರಟಿತಲ್ಲ, ಅದು ಹಾದು ಹೋಗಿದ್ದೂ ಬೈಕುಲಾ ಮೇಲೆಯೇ. ಆಗ ಅಲ್ಲಿದ್ದದ್ದು ಮರದ ಸಣ್ಣ ಕಟ್ಟಡ. ಬೋರಿ ಬಂದರಿನ ಆ ಹಳೇ ಸ್ಟೇಷನ್ ಈಗ ಉಳಿದಿಲ್ಲ.

ಹಳೆಯದು ಅನ್ನಿಸದೇ ಇರೋದು ನಿಮ್ಮ ತಪ್ಪಲ್ಲ ಬಿಡಿ. ವಿ.ಟಿ. ಗುಮ್ಮಟ, ಗೋಪುರ, ಕಲ್ಲಿನ ನವಿಲು ಎಲ್ಲಾ ತೋರಿಸಿ ನಿಲ್ಲಿಸಿಕೊಳ್ಳುತ್ತೆ. ಬೈಕುಲಾದ್ದು ತಗ್ಗು ಕಟ್ಟಡ, ಇಳಿಜಾರು ಮಾಡು, ಗೇಟಲ್ಲಿ ನೇತಾಡುತ್ತಾ ಹೋಗುವವರ ಕಣ್ಣಿಗೆ ಅದು ಎಲ್ಲಿ ಬೀಳಬೇಕು? ಸಾಲದ್ದಕ್ಕೆ, ವರ್ಷಗಟ್ಟಲೆ ಒಂದರ ಮೇಲೊಂದು ಬಳಿದ ಬಣ್ಣ ಕಲ್ಲನ್ನೇ ನುಂಗಿಬಿಟ್ಟಿತ್ತು. 2019ರಲ್ಲಿ ಶುರುವಾದ ದುರಸ್ತಿಯಲ್ಲಿ ಆ ಬಣ್ಣವನ್ನೆಲ್ಲ ಕೆರೆದು ತೆಗೆದರು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಉಸ್ತುವಾರಿ. 2022ರ ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು, ಅದೇ ವರ್ಷ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಯೂ ಬಂತು. ಲೋಕಲ್ ಓಡುತ್ತಿರುವಾಗಲೇ, ಜನ ನುಗ್ಗುತ್ತಿರುವಾಗಲೇ ಈ ಕೆಲಸ ಆಯಿತು ಅನ್ನೋದು ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತೆ.

ಒಂದು ಭಾನುವಾರ ಇಳಿದು ಸುಮ್ನೆ ನಿಂತು ನೋಡಿ. ಮಾಡಿನ ಕೆಳಗೆ ಎರಕದ ಕಬ್ಬಿಣದ ಬ್ರಾಕೆಟ್‌ಗಳಿವೆ, ಭಾರ ಹೊರೋದಕ್ಕೆ ಒಂದು ನೇರ ಸರಳು ಹಾಕಿದ್ದರೂ ಆಗುತ್ತಿತ್ತು, ಅದನ್ನೇ ಬಳ್ಳಿ ಹಾಗೆ ಬಳುಕಿಸಿದ್ದಾರೆ. ಸೂರು ಗೋಡೆಯಿಂದ ಆಚೆಗೆ ಚಾಚಿಕೊಂಡಿರೋದು ಯಾಕೆ ಅಂತ ಮುಂಬೈ ಮಳೆ ಕಂಡ ನಿಮಗೆ ಹೇಳಬೇಕಾಗಿಲ್ಲ. ವಿ.ಟಿ.ಯದ್ದು ಮೆರವಣಿಗೆ, ಇದು ಮನೆ. ನನಗೆ ಇದೇ ಜಾಸ್ತಿ ಇಷ್ಟ.

ಸಮಯ ಮಿಕ್ಕರೆ ಮೃಗಾಲಯ ಇರುವ ರಾಣಿ ಬಾಗ್‌ಗೆ ನಡೆದುಕೊಂಡೇ ಹೋಗಬಹುದು, ಪಕ್ಕದಲ್ಲೇ 1872ರಲ್ಲಿ ತೆರೆದ ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. ನಿಮ್ಮ ಹತ್ತಿರ ಸಿ.ಎಸ್.ಎಂ.ಟಿ.ವರೆಗಿನ ಪಾಸ್ ಇರುತ್ತಲ್ವಾ, ಬೈಕುಲಾದಲ್ಲಿ ಇಳಿಯೋಕೆ ಬೇರೆ ಟಿಕೆಟ್ಟೂ ಬೇಕಾಗಿಲ್ಲ.